ಕ್ಯಾಮರಾದ ಲಗಾಮು ಯಾರ ಕೈಯಲ್ಲಿ?

ನಮ್ಮ ಸಂಘದ ಪೆಟ್ಟಿಗೆಯಲ್ಲಿ ಒಂದು ಚಿತ್ರವಿದೆ. ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಬೆಳಿಗ್ಗೆ, ಈ ನೀಲಗಿರಿಯಲ್ಲಿ ಕನ್ನಡವನ್ನು ಕಲಿಸುತ್ತ ಬಾಳಿದ ಹಿರಿಯರನ್ನು ಒಂದೆಡೆ ಕೂಡಿಸಿ ನಾವು ತೆಗೆದ ಚಿತ್ರವದು. ಹಿರಿಯರು ಬೆಳ್ಳನೆಯ ಪಂಚೆಯುಟ್ಟು ಬೆಳ್ಳನೆಯ ಹೊದಿಕೆಯನ್ನು ಹೊದ್ದಿದ್ದರು. ಹಿಂದೆ ಕಣಿವೆಯಿಂದ ಮೇಲೇರಿದ ಮಂಜು. ಕಣ್ಣಿಗೆ ಅದು ಹಾಲಿನಂಥ ನೋಟ. ಚಿತ್ರದಲ್ಲಿ ಮೂಡಿದ್ದೇ ಬೇರೆ. ಬಿಳಿಯ ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿತ್ತು, ಮಂಜು ಹೊಗೆಯಾಗಿತ್ತು, ಮುಖಗಳು ಕತ್ತಲೆಯಲ್ಲಿ ಮುಳುಗಿದ್ದುವು. ನಟ್ಟನಡುವೆ ಕುಳಿತಿದ್ದ ನಮ್ಮ ಹಿರಿಯ ಉಪಾಧ್ಯಾಯರು ಮರುವರ್ಷವೇ ತೀರಿಕೊಂಡರು. ಅವರ ಚಿತ್ರ ನಮ್ಮಲ್ಲಿ ಬೇರೊಂದಿಲ್ಲ.

ಆ ಕ್ಯಾಮರಾ ಕೆಟ್ಟಿರಲಿಲ್ಲ. ಬೆಳಕನ್ನು ಅಳೆಯುವುದು, ಹೊತ್ತನ್ನು ಗೊತ್ತುಮಾಡುವುದು, ದೂರವನ್ನು ಹೊಂದಿಸುವುದು ಎಲ್ಲವನ್ನೂ ತಾನೇ ಮಾಡುವ ಸಣ್ಣ ಡಿಜಿಟಲ್ ಕ್ಯಾಮರಾ ಅದು. ನಮ್ಮ ಇಚ್ಛೆಯನ್ನು ಅದಕ್ಕೆ ತಿಳಿಸುವ ದಾರಿ ಮಾತ್ರ ಅದರಲ್ಲಿರಲಿಲ್ಲ.

ಈ ವರ್ಷ ಸಂಘವು ಇನ್ನೊಂದು ಕ್ಯಾಮರಾವನ್ನು ಕೊಳ್ಳಲು ನಿಶ್ಚಯಿಸಿದೆ. ಶಾಲೆಯ ಮಕ್ಕಳು ಅದರಿಂದ ಕಲಿಯಬೇಕು. ನಮ್ಮ ಹಿರಿಯರ ಮುಖಗಳು, ಹಳೆಯ ಕಡತಗಳು, ಕಲ್ಲಿನ ಕೆತ್ತನೆಗಳು ಅದರಲ್ಲಿ ದಾಖಲಾಗಬೇಕು. ಯಾವುದನ್ನು ಕೊಳ್ಳುವುದೆಂಬಲ್ಲಿ ಎರಡು ಪಕ್ಷಗಳಾದುವು. ಮೆಗಾಪಿಕ್ಸೆಲ್ ಹೆಚ್ಚಿದ್ದುದೇ ಮೇಲೆಂದಿತು ಒಂದು ಪಕ್ಷ. ಹಿಂದಿನ ಫಿಲ್ಮ್ ಕ್ಯಾಮರಾಗಳಂತೆ ಎಲ್ಲವನ್ನೂ ಕೈಯಿಂದ ನಿಯಮಿಸಲು ಬರುವಂಥದೇ ಬೇಕೆಂದಿತು ಇನ್ನೊಂದು. ಇಂಥ ವಾದವನ್ನು ಬೆಲೆಪಟ್ಟಿಯಿಂದ ತೀರ್ಮಾನಿಸುವುದಕ್ಕಿಂತ ಚರಿತ್ರೆಯನ್ನು ಕೇಳಿ ತೀರ್ಮಾನಿಸುವುದು ಲೇಸೆಂದು ನಮಗೆ ತೋರಿತು. ಈ ಸೈಕ್ಲೋಸ್ಟೈಲ್ ಪುಟಗಳಲ್ಲಿ ಛಾಯಾಚಿತ್ರವನ್ನು ಅಚ್ಚುಮಾಡುವ ಅನುಕೂಲವಿಲ್ಲ. ಆದುದರಿಂದ ಮಾತಿನಿಂದಲೇ ಚಿತ್ರಗಳನ್ನು ತೋರಿಸಬೇಕಾಗಿದೆ. ವಾಚಕರು ಮನ್ನಿಸಬೇಕು.

ಛಾಯಾಗ್ರಹಣದ ಆದಿಯಲ್ಲಿ ಮನುಷ್ಯನಿಗೆ ಆಯ್ಕೆಯೇ ಹೆಚ್ಚಾಗಿರಲಿಲ್ಲ. ಫ್ರಾನ್ಸಿನ ನಿಯೆಪ್ಸನು 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಲೋಹದ ಹಲಗೆಯ ಮೇಲೆ ಮೂಡಿಸಿದಾಗ, ಬೆಳಕು ಹಲವು ಗಂಟೆಗಳ ಕಾಲ ಅದರ ಮೇಲೆ ಬೀಳಬೇಕಾಯಿತು. ಅವನ ಪಾಲುಗಾರನಾಗಿದ್ದ ಡಾಗೇರನು 1838ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದನು. ಬೀದಿಯ ತುಂಬ ಗಾಡಿಗಳೂ ಜನರೂ ಓಡಾಡುತ್ತಿದ್ದರೂ ಚಿತ್ರದಲ್ಲಿ ಬೀದಿ ಬರಿದು! ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯನ ಆಕೃತಿ ಮಾತ್ರ ಮೂಲೆಯಲ್ಲಿ ಸ್ಪಷ್ಟವಾಗಿ ಉಳಿದಿದೆ. ಮಿಕ್ಕವರು ನಿಲ್ಲಲಿಲ್ಲ, ಆದುದರಿಂದ ಚಿತ್ರದಲ್ಲಿ ಉಳಿಯಲಿಲ್ಲ. ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡುತ್ತೇವೆಂಬುದು ಚಿತ್ರದಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂಬುದನ್ನೇ ನಿರ್ಣಯಿಸಬಲ್ಲದೆಂಬ ಮೊದಲ ಪಾಠ ಇದು.

ಎರಡನೆಯ ಪಾಠ ಬೆಳಕು ನುಗ್ಗುವ ಕಿಂಡಿಗೆ ಸಂಬಂಧಿಸಿದ್ದು. ಲೆನ್ಸಿನ ಈ ಕಿಂಡಿಗೆ ಅಪರ್ಚರ್ ಎಂದು ಹೆಸರು. 1858ರಲ್ಲಿ ಇಂಗ್ಲೆಂಡಿನ ಜಾನ್ ವಾಟರ್‌ಹೌಸನು ಬೇರೆ ಬೇರೆ ಅಳತೆಯ ತೂತುಗಳನ್ನು ಕೊರೆದ ಲೋಹದ ಬಿಲ್ಲೆಗಳನ್ನು ಲೆನ್ಸಿನೊಳಗೆ ಇಳಿಬಿಡುವ ಕ್ರಮವನ್ನು ತಂದನು. ತೂತು ಕಿರಿದಾದರೆ ಬೆಳಕು ಕಡಿಮೆ. ಆದರೆ ಹತ್ತಿರದ ಗಿಡದಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಫುಟ. ತೂತು ಹಿರಿದಾದರೆ ಬೆಳಕು ಹೆಚ್ಚು. ಆದರೆ ನಾವು ಗುರಿಯಿಟ್ಟುದೊಂದೇ ಸ್ಫುಟವಾಗಿದ್ದು, ಹಿಂದಿನದೂ ಮುಂದಿನದೂ ಮಸುಕಾಗುತ್ತದೆ.

ಆ ಕಾಲದ ಶ್ರಮವನ್ನು ನಾವು ಮರೆಯಬಾರದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಗುಡಿಗೋಪುರಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದನು. ನಮ್ಮ ಈ ಬೆಟ್ಟದ ಮೊದಲ ಕಮಿಷನರ್ ಬ್ರೀಕ್ಸನು ನೀಲಗಿರಿಯ ಜನಾಂಗಗಳನ್ನೂ ಪ್ರಾಚೀನ ಕಲ್ಲುಗಳನ್ನೂ ಕುರಿತು ಬರೆದ ಗ್ರಂಥ 1873ರಲ್ಲಿ ಛಾಯಾಚಿತ್ರಗಳೊಡನೆ ಹೊರಬಂದಿತು. ಅವರಲ್ಲಿ ಬೆಳಕನ್ನಳೆಯುವ ಯಂತ್ರವಿರಲಿಲ್ಲ. ಕಣ್ಣಿನ ಅಭ್ಯಾಸ, ಕೈಯ ಅನುಭವ ಇವೇ ಅವರ ಬಂಡವಾಳ. ಆದರೂ ಆ ಚಿತ್ರಗಳಿಂದ ಇಂದಿಗೂ ಸಂಶೋಧಕರಿಗೆ ಪ್ರಯೋಜನವಿದೆ.

1871ರಲ್ಲಿ ಇಂಗ್ಲೆಂಡಿನ ಮ್ಯಾಡಕ್ಸ್ ಎಂಬ ವೈದ್ಯನು ಜೆಲಟಿನ್ ಲೇಪದ ಒಣ ಹಲಗೆಯ ವಿಧಾನವನ್ನು ಪ್ರಕಟಿಸಿದನು. ಇತರರು ಅದನ್ನು ತಿದ್ದಿ ಬೆಳೆಸಿದ ಮೇಲೆ ಚಿತ್ರ ತೆಗೆಯಲು ಕ್ಷಣದ ಒಂದಂಶ ಸಾಲುವಂತಾಯಿತು. ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು ಮುಚ್ಚುವ ಕಾಲ ಹೋಯಿತು. ತಾನಾಗಿ ತೆರೆದು ಮುಚ್ಚುವ ಷಟರ್ ಅನಿವಾರ್ಯವಾಯಿತು.

ಇಲ್ಲಿಂದ ಮುಂದೆ ದಾರಿ ಕವಲೊಡೆಯಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆಯನ್ನು 25 ಡಾಲರಿಗೆ ಮಾರಾಟಕ್ಕಿಟ್ಟನು. ಅದರೊಳಗೆ 100 ಚಿತ್ರಗಳಿಗೆ ಸಾಲುವ ಸುರುಳಿ. ಕೊಂಡವನು ಗುಂಡಿಯೊತ್ತಿದರೆ ಮುಗಿಯಿತು. ಪೆಟ್ಟಿಗೆಯನ್ನು ಕಾರ್ಖಾನೆಗೆ ಕಳುಹಿಸಿದರೆ ಮಿಕ್ಕ ಕೆಲಸವೆಲ್ಲ ಅಲ್ಲಿ. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು. ಅದುವರೆಗೆ ಸಿರಿವಂತರ ಮನೆಯಲ್ಲಿದ್ದ ಕಲೆ ಸಾಮಾನ್ಯರ ಕೈಗೆ ಬಂದಿತು. ಇದನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ ಆ ಪೆಟ್ಟಿಗೆಯಲ್ಲಿ ಕಿಂಡಿ, ಹೊತ್ತು, ದೂರ ಮೂರೂ ಮೊದಲೇ ಗೊತ್ತುಮಾಡಿದ್ದುವು. ಸುಲಭತೆಯ ಬೆಲೆಯಾಗಿ ನಾವು ಕೊಟ್ಟುದು ನಿರ್ಣಯದ ಅಧಿಕಾರವನ್ನು.

ಇನ್ನೊಂದು ಕವಲು ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ ಒಡೆಯಿತು. ಲೈಟ್ಸ್ ಸಂಸ್ಥೆಯ ಆಸ್ಕರ್ ಬಾರ್ನಾಕ್ ಎಂಬ ಯಂತ್ರಶಿಲ್ಪಿಯು ಸಿನೆಮಾ ಫಿಲ್ಮನ್ನು ಬಳಸಿ ರೂಪಿಸಿದ ಪುಟ್ಟ ಲೈಕಾ 1925ರ ಲೈಪ್ಸಿಗ್ ಮೇಳದಲ್ಲಿ ಜನರ ಮುಂದೆ ಬಂದಿತು. ಅದರ ಚಿತ್ರದ ಅಳತೆ 24 ಮಿಲಿಮೀಟರ್‌ಗೆ 36 ಮಿಲಿಮೀಟರ್. ಜೇಬಿನಲ್ಲಿ ಅಡಗುವಷ್ಟು ಚಿಕ್ಕದಾದರೂ ಅಪರ್ಚರ್, ಷಟರ್, ಫೋಕಸ್ ಮೂರನ್ನೂ ಅದು ತೆಗೆಯುವವನ ಬೆರಳಿಗೆ ಬಿಟ್ಟುಕೊಟ್ಟಿತು.

ಈ ಅಂಕೆಗಳ ಗುಟ್ಟನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿಯಬೇಕು. ಲೆನ್ಸಿನ ಮೇಲೆ 2, 2.8, 4, 5.6, 8, 11, 16 ಎಂಬ ಅಂಕೆಗಳಿರುತ್ತವೆ. ಇವನ್ನು ಎಫ್ ಸಂಖ್ಯೆಗಳೆನ್ನುವರು. ಲೆನ್ಸಿನ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಲಬ್ಧವೇ ಇದು. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 2 ಎಂದರೆ ಕಿಂಡಿಯ ವ್ಯಾಸ 25 ಮಿಲಿಮೀಟರ್; ಎಫ್ 16 ಎಂದರೆ ಸುಮಾರು 3 ಮಿಲಿಮೀಟರ್ ಮಾತ್ರ. ಅಂಕೆ ಹಿರಿದಾದಂತೆ ಕಿಂಡಿ ಕಿರಿದಾಗುವುದು ಇದರಿಂದಲೇ. ಒಂದೊಂದು ಮೆಟ್ಟಿಲು ಮುಂದೆ ಹೋದಾಗಲೂ ಒಳಬರುವ ಬೆಳಕು ಅರ್ಧಕ್ಕಿಳಿಯುತ್ತದೆ. ಷಟರಿನಲ್ಲಿಯೂ ಹೀಗೆಯೇ: ಕ್ಷಣದ 30ನೆಯ ಒಂದಂಶ, 60ನೆಯ ಒಂದಂಶ, 125, 250, 500.

ಇವೆರಡೂ ಕೊಡ ತುಂಬಿಸುವ ಕೊಳಾಯಿಯಂತೆ. ದೊಡ್ಡ ಬಾಯಿಯ ಕೊಳಾಯಿಯನ್ನು ಸ್ವಲ್ಪ ಹೊತ್ತು ತೆರೆದರೂ ಕೊಡ ತುಂಬುತ್ತದೆ; ಸಣ್ಣ ಬಾಯಿಯದನ್ನು ಬಹಳ ಹೊತ್ತು ತೆರೆದರೂ ತುಂಬುತ್ತದೆ. ಎಫ್ 8ಕ್ಕೆ 125ನೆಯ ಒಂದಂಶ, ಎಫ್ 4ಕ್ಕೆ 500ನೆಯ ಒಂದಂಶ, ಎಫ್ 16ಕ್ಕೆ 30ನೆಯ ಒಂದಂಶ: ಈ ಮೂರರಲ್ಲಿಯೂ ಬೆಳಕಿನ ಮೊತ್ತ ಒಂದೇ. ಆದರೆ ಚಿತ್ರ ಒಂದೇ ಅಲ್ಲ. ಶಾಲೆಯಂಗಳದಲ್ಲಿ ಹುಡುಗನೊಬ್ಬನು ಬುಗುರಿಯನ್ನು ಬೀಸಿ ಬಿಡುತ್ತಿದ್ದಾನೆನ್ನೋಣ. ಎಫ್ 4, 500ರಲ್ಲಿ ತೆಗೆದರೆ ಬೀಸಿದ ದಾರ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ, ಹಿಂದಿನ ಬೆಟ್ಟ ಮಸುಕಾಗುತ್ತದೆ, ಹುಡುಗನೊಬ್ಬನೇ ಎದ್ದು ತೋರುತ್ತಾನೆ. ಎಫ್ 16, 30ರಲ್ಲಿ ತೆಗೆದರೆ ದಾರ ಒಂದು ಗೆರೆಯಾಗಿ ಹರಿದುಹೋಗುತ್ತದೆ, ಹುಡುಗನ ಹಿಂದಿನ ಊರೂ ಬೆಟ್ಟವೂ ಸ್ಪಷ್ಟವಾಗಿ ನಿಲ್ಲುತ್ತವೆ. ಮೊದಲನೆಯದು ಆಟಗಾರನ ಚಿತ್ರ. ಎರಡನೆಯದು ಊರಿನ ಚಿತ್ರ. ಯಾವುದು ಬೇಕೆಂಬುದು ತೆಗೆಯುವವನ ಮನಸ್ಸಿಗೆ ಸೇರಿದ ವಿಷಯ. ಯಂತ್ರಕ್ಕೆ ಅದು ಗೊತ್ತಾಗುವಂತಿಲ್ಲ. ಸೃಷ್ಟಿಶೀಲ ನಿಯಂತ್ರಣವೆಂಬ ದೊಡ್ಡ ಮಾತಿನ ಅರ್ಥ ಇಷ್ಟೇ.

ಮುಂದಿನ ಅಧ್ಯಾಯ ಬೆಳಕನ್ನು ಅಳೆಯುವ ಯಂತ್ರದ್ದು. 1938ರ ಕೊಡಕ್ ಸೂಪರ್ ಸಿಕ್ಸ್-20ರಲ್ಲಿ ಬೆಳಕಿಗೆ ತಕ್ಕಂತೆ ಅಪರ್ಚರನ್ನು ಯಂತ್ರವೇ ಹೊಂದಿಸಿತು. 1963ರ ಟಾಪ್‌ಕಾನ್, 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮರಾಗಳು ಲೆನ್ಸಿನ ಮೂಲಕವೇ ಬಂದ ಬೆಳಕನ್ನು ಅಳೆದುವು. ಇದು ದೊಡ್ಡ ಉಪಕಾರ. ಆದರೆ ಮಾಪಕಕ್ಕೆ ಒಂದು ಕುರುಡುಂಟು. ತನ್ನ ಮುಂದಿರುವುದು ಬಿಳಿಯ ಬಟ್ಟೆಯೋ ಕರಿಯ ಕಂಬಳಿಯೋ ಅದಕ್ಕೆ ತಿಳಿಯದು. ಲೋಕವೆಲ್ಲ ಸರಾಸರಿಯಾಗಿ ನಡುಬಣ್ಣದ ಬೂದಿಯೆಂದು, ಎಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18ರಷ್ಟನ್ನು ಹಿಂದಿರುಗಿಸುವಂಥದೆಂದು, ಹಳೆಯ ಕಾಲದಿಂದ ಅದು ನಂಬಿದೆ. ಆದುದರಿಂದ ಬಿಳಿಯನ್ನು ಬೂದಿಗಿಳಿಸುತ್ತದೆ, ಕಪ್ಪನ್ನು ಬೂದಿಗೇರಿಸುತ್ತದೆ. 1940ರ ಹೊತ್ತಿಗೆ ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಇದನ್ನರಿತು, ಯಾವ ಭಾಗ ಎಷ್ಟು ಬೆಳ್ಳಗಿರಬೇಕೆಂಬುದನ್ನು ತೆಗೆಯುವವನೇ ಮೊದಲು ನಿಶ್ಚಯಿಸುವ ಒಂದು ಶಾಸ್ತ್ರವನ್ನು ಕಟ್ಟಿದ್ದರು.

ನಮ್ಮ ಹಿರಿಯರ ಚಿತ್ರ ಕೆಟ್ಟುದು ಏಕೆಂಬುದು ಈಗ ವಾಚಕರಿಗೆ ಹೊಳೆದಿರಬೇಕು. ಮಂಜು, ಬಿಳಿಯ ಹೊದಿಕೆ ಇವನ್ನು ಕಂಡ ಯಂತ್ರವು ಬೆಳಕು ಅತಿಯಾಯಿತೆಂದು ಬಗೆದು ಷಟರನ್ನು ಬೇಗ ಮುಚ್ಚಿತು. ಅಳತೆಗಿಂತ ಒಂದೂವರೆ ಮೆಟ್ಟಿಲು ಹೆಚ್ಚು ಬೆಳಕನ್ನು ಬಿಡಬೇಕೆಂದು ಬಲ್ಲವರೂ, ಹಾಗೆ ಬಿಡಲು ಒಂದು ಡಯಲೂ ಇದ್ದಿದ್ದರೆ ಆ ಮುಖಗಳು ಉಳಿಯುತ್ತಿದ್ದುವು.

1970ರ ದಶಕದಲ್ಲಿ ಯಂತ್ರದ ಪಾಲು ಬೆಳೆಯಿತು. 1976ರ ಕ್ಯಾನನ್ ಎಇ-1ರಲ್ಲಿ ಸೂಕ್ಷ್ಮ ಗಣಕವೊಂದು ಸೇರಿಕೊಂಡಿತು. ಅದೇ ವರ್ಷ ಬಂದ ಪೆಂಟಾಕ್ಸ್ ಕೆ1000 ಇದಕ್ಕೆ ತದ್ವಿರುದ್ಧ: ಬ್ಯಾಟರಿ ಬೆಳಕಿನ ಮಾಪಕಕ್ಕಷ್ಟೇ ಬೇಕು, ಮಿಕ್ಕುದೆಲ್ಲ ಕೈಕೆಲಸ. ಕಲಿಯುವವರ ಕ್ಯಾಮರಾವೆಂದು ಹೆಸರಾಗಿ ಅದು 1997ರವರೆಗೂ ತಯಾರಾಯಿತು. 1985ರ ಮಿನೋಲ್ಟಾ 7000 ಫೋಕಸನ್ನೂ ತಾನೇ ಹೊಂದಿಸಿತು. ಡಯಲುಗಳ ಜಾಗದಲ್ಲಿ ಗುಂಡಿಗಳು ಬಂದುವು.

ಈ ಚರಿತ್ರೆಯ ಒಂದು ಪುಟ ನಮ್ಮ ಬೆಟ್ಟದಲ್ಲಿಯೇ ಬರೆಯಲ್ಪಟ್ಟಿದೆ. 1960ರಲ್ಲಿ ಭಾರತ ಸರ್ಕಾರವು ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯನ್ನು ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಮೊದಲಾಯಿತು. ಅದರ ಸರಕಿನ ಹೆಸರು ಇಂದು. ಚಂದ್ರನೆಂದು ಸಂಸ್ಕೃತದ ಅರ್ಥ. ಈ ದಿನವೆಂದು ಕನ್ನಡದ ಅರ್ಥ. ಆ ಇಂದು ಈಗ ನಿನ್ನೆಯಾಗಿದೆ. ಫಿಲ್ಮಿನ ಯುಗ ಇಳಿಮುಖವಾದಂತೆ ಕಾರ್ಖಾನೆಯೂ ಸೊರಗಿ ಮುಚ್ಚಿಹೋಯಿತು.

ಫಿಲ್ಮನ್ನು ಬದಿಗೆ ಸರಿಸಿದ ವಿದ್ಯೆ ಹುಟ್ಟಿದ್ದು 1969ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯಲ್ ಮತ್ತು ಸ್ಮಿತ್ ಎಂಬವರು ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಸೆನ್ಸರುಗಳಿಗೆ ಅದು ಆಧಾರವಾಯಿತು. 2009ರಲ್ಲಿ ಅದಕ್ಕಾಗಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ಸುಮಾರು 3.6 ಕಿಲೋಗ್ರಾಂ ತೂಗುತ್ತಿತ್ತು. ಅದರ ಚಿತ್ರದಲ್ಲಿ 10,000 ಬಿಂದುಗಳು. ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. 1991ರಲ್ಲಿ ಕೊಡಕ್ ಸಂಸ್ಥೆಯೇ ನಿಕಾನ್ ಎಫ್3 ಎಂಬ ಫಿಲ್ಮ್ ಕ್ಯಾಮರಾದ ಒಡಲಿಗೆ ಸೆನ್ಸರನ್ನು ಜೋಡಿಸಿ 1.3 ಮೆಗಾಪಿಕ್ಸೆಲ್ ಕ್ಯಾಮರಾವನ್ನು ಮಾರಿತು. 1999ರಲ್ಲಿ 2.7 ಮೆಗಾಪಿಕ್ಸೆಲ್‌ನ ನಿಕಾನ್ ಡಿ1 ಬಂದಮೇಲೆ ಪತ್ರಿಕೆಗಳವರೂ ಹೊಸ ದಾರಿಗೆ ತಿರುಗಿದರು.

ಆದರೆ ಜನಸಾಮಾನ್ಯರಿಗೆ ದೊರೆತ ಸಣ್ಣ ಡಿಜಿಟಲ್ ಕ್ಯಾಮರಾಗಳು ಮರಳಿ 1888ರ ಪೆಟ್ಟಿಗೆಯ ದಾರಿಯನ್ನೇ ಹಿಡಿದುವು. ಅವುಗಳ ಸೆನ್ಸರ್ ಉಗುರಿನಷ್ಟು. ಅದರಿಂದ ಹಿನ್ನೆಲೆಯನ್ನು ಮಸುಕಾಗಿಸುವುದು ಕಷ್ಟ. ಹೊತ್ತನ್ನು ಬದಲಿಸಬೇಕಾದರೆ ಪರದೆಯ ಮೇಲಿನ ಪಟ್ಟಿಗಳೊಳಗೆ ಪಟ್ಟಿಗಳನ್ನು ಹುಡುಕಬೇಕು. ಹುಡುಕುವಷ್ಟರಲ್ಲಿ ಬುಗುರಿ ಮಲಗಿರುತ್ತದೆ. ಇಂದು ಎಲ್ಲರ ಕೈಯಲ್ಲಿರುವ ಫೋನಿನ ಕ್ಯಾಮರಾಗಳಲ್ಲಿಯೂ ಸಾಮಾನ್ಯವಾಗಿ ಅಪರ್ಚರ್ ಬದಲಾಗುವುದಿಲ್ಲ.

ಕಳೆದುಹೋದುದರ ಅರಿವಾದಾಗ ತಯಾರಕರು ಹಿಂದಿರುಗಿ ನೋಡಿದರು. 2004ರ ಎಪ್ಸನ್ ಆರ್-ಡಿ1ರಲ್ಲಿ ಷಟರಿನ ಡಯಲಿನ ಜೊತೆಗೆ, ಫಿಲ್ಮ್ ಕ್ಯಾಮರಾದಂತೆ ಪ್ರತಿ ಚಿತ್ರಕ್ಕೂ ಹೆಬ್ಬೆರಳಿನಿಂದ ಎಳೆಯುವ ಸನ್ನೆಯೂ ಇತ್ತು. 2011ರಲ್ಲಿ ಮಾರುಕಟ್ಟೆಗೆ ಬಂದ ಫ್ಯೂಜಿಫಿಲ್ಮ್ ಎಕ್ಸ್100ರಲ್ಲಿ ಲೆನ್ಸಿನ ಸುತ್ತ ಅಪರ್ಚರ್ ಉಂಗುರ, ಮೇಲೆ ಷಟರಿನ ಡಯಲು, ಪಕ್ಕದಲ್ಲಿ ಬೆಳಕನ್ನು ಏರಿಸಿ ಇಳಿಸುವ ಡಯಲು. 2013ರಲ್ಲಿ ನಿಕಾನ್ ಡಿಎಫ್, 2014ರಲ್ಲಿ ಫ್ಯೂಜಿಫಿಲ್ಮ್ ಎಕ್ಸ್-ಟಿ1, 2021ರಲ್ಲಿ ನಿಕಾನ್ ಝಡ್‌ಎಫ್‌ಸಿ, 2023ರಲ್ಲಿ ನಿಕಾನ್ ಝಡ್‌ಎಫ್ ಇದೇ ಜಾಡಿನಲ್ಲಿ ಬಂದುವು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ವೇಷ ಬೇರೆ, ಹಳೆಯ ಅಧಿಕಾರ ಬೇರೆ. ಬೆಳ್ಳಿಯ ಬಣ್ಣ, ಚರ್ಮದ ಹೊದಿಕೆ ಕಂಡು ಮರುಳಾಗಬಾರದು. ಡಯಲುಗಳಿಲ್ಲದ ಸಾಮಾನ್ಯ ರೂಪಿನ ಕ್ಯಾಮರಾದಲ್ಲಿಯೂ ಎರಡು ತಿರುಗುವ ಚಕ್ರಗಳಿದ್ದು ಒಂದಕ್ಕೆ ಅಪರ್ಚರ್, ಇನ್ನೊಂದಕ್ಕೆ ಷಟರ್ ಒಪ್ಪಿಸಿದ್ದರೆ ಕೆಲಸ ಅಷ್ಟೇ ಚೆನ್ನಾಗಿ ಸಾಗುತ್ತದೆ. ಆದುದರಿಂದ ಅಂಗಡಿಯಲ್ಲಿ ಕ್ಯಾಮರಾವನ್ನು ಕೈಗೆತ್ತಿಕೊಂಡು ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಗೊತ್ತುಮಾಡಿಕೊಂಡೆವು.

ಕಣ್ಣನ್ನು ಕಿಂಡಿಯಿಂದ ತೆಗೆಯದೆ ಅಪರ್ಚರ್, ಷಟರ್ ಎರಡನ್ನೂ ಬದಲಿಸಲು ಬರುವುದೇ? ಯಂತ್ರದ ಅಳತೆಗಿಂತ ಬೆಳಕನ್ನು ಏರಿಸಲು ಇಳಿಸಲು ನೇರವಾದ ಒಂದು ಡಯಲು ಅಥವಾ ಗುಂಡಿ ಇದೆಯೇ? ಫೋಕಸನ್ನು ಲೆನ್ಸಿನ ಉಂಗುರದಿಂದ ತಿರುಗಿಸಿ, ಚಿತ್ರದ ಒಂದು ಭಾಗವನ್ನು ಹಿಗ್ಗಿಸಿ ನೋಡಿ ಹೊಂದಿಸಬಹುದೇ? ಮುಕ್ಕಾಲಿಯ ಮೇಲಿಟ್ಟು ಷಟರನ್ನು ಬೇಕಾದಷ್ಟು ಹೊತ್ತು ತೆರೆದಿಡಬಹುದೇ? ಬಿಸಿಲಿನಲ್ಲಿ ಪರದೆ ಕಾಣದಿದ್ದಾಗ ಕಣ್ಣಿಟ್ಟು ನೋಡುವ ಕಿಂಡಿಯಿದೆಯೇ?

ಸೆನ್ಸರಿನ ಅಳತೆಯನ್ನೂ ಕೇಳಬೇಕು. ಲೈಕಾ ಫಿಲ್ಮಿನ 24ಕ್ಕೆ 36ರ ಅಳತೆಯೇ ಇಂದಿನ ಪೂರ್ಣ ಚೌಕಟ್ಟಿನ ಸೆನ್ಸರು. ಎಪಿಎಸ್-ಸಿ ಎಂಬುದು ಸುಮಾರು 16ಕ್ಕೆ 24 ಮಿಲಿಮೀಟರ್. ಬೆಲೆಯೂ ತೂಕವೂ ಕಡಿಮೆ, ಶಾಲೆಯ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರಲ್ಲಿ 50 ಮಿಲಿಮೀಟರ್ ಲೆನ್ಸಿನ ನೋಟ, ಪೂರ್ಣ ಚೌಕಟ್ಟಿನಲ್ಲಿ 75 ಮಿಲಿಮೀಟರ್ ಲೆನ್ಸು ಕೊಡುವ ನೋಟದಷ್ಟು ಕಿರಿದಾಗುತ್ತದೆಂಬುದನ್ನು ಮಾತ್ರ ನೆನಪಿಡಬೇಕು. 2008ರಿಂದ ಬಂದಿರುವ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಲೆನ್ಸಿಗೂ ಸೆನ್ಸರಿಗೂ ಅಂತರ ಕಡಿಮೆ. ಆದುದರಿಂದ ಒಂದು ಬಳೆಯನ್ನು ಜೋಡಿಸಿದರೆ ಅಜ್ಜನ ಕಾಲದ ಲೆನ್ಸುಗಳೂ ಬಹುಮಟ್ಟಿಗೆ ಹೊಂದುತ್ತವೆ. ಯಾರ ಮನೆಯ ಅಟ್ಟದಲ್ಲಿಯಾದರೂ ಅಂಥದೊಂದು ಮಲಗಿದ್ದರೆ ಸಂಘಕ್ಕೆ ತಿಳಿಸಬೇಕೆಂದು ಪ್ರಾರ್ಥನೆ.

ಕೊನೆಯ ಪ್ರಶ್ನೆ: ಕ್ಯಾಮರಾ ರಾ ಎಂಬ ಕಚ್ಚಾ ಕಡತವನ್ನು ಉಳಿಸುವುದೇ? ಇದು ಡಿಜಿಟಲ್ ಯುಗದ ನೆಗೆಟಿವ್. ಸೆನ್ಸರು ಕಂಡುದನ್ನು ಹೆಚ್ಚುಕಡಿಮೆ ಹಾಗೆಯೇ ಇಡುತ್ತದೆ. ಮುಂದೆ ತಿದ್ದಲು ಎಡೆಯಿರುತ್ತದೆ. ಜೆಪೆಗ್ ಎಂಬುದು ತೊಳೆದು ಮುಗಿಸಿದ ಚಿತ್ರದಂತೆ. ಕತ್ತಲಲ್ಲಿ ಮುಳುಗಿದುದನ್ನು ಅದರಿಂದ ಮೇಲೆತ್ತುವುದು ದುಸ್ಸಾಧ್ಯ. ನಮ್ಮ ಹಿರಿಯರ ಚಿತ್ರ ಉಳಿದಿರುವುದು ಆ ರೂಪದಲ್ಲಿಯೇ. ಬಲ್ಲವರಿಗೆ ತೋರಿಸಿದೆವು, ಬಟ್ಟೆ ಸ್ವಲ್ಪ ಬೆಳಗಿತು, ಮುಖ ಬರಲಿಲ್ಲ.

ಮೆಗಾಪಿಕ್ಸೆಲ್‌ನ ಮಾತನ್ನು ನಾವು ಕೊನೆಗೆ ಉಳಿಸಿದೆವು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ 12 ಮೆಗಾಪಿಕ್ಸೆಲ್ ಸಾಕು; ಇಂದಿನ ಕ್ಯಾಮರಾಗಳಲ್ಲಿ ಅದಕ್ಕೆ ಕೊರತೆಯಿಲ್ಲ. ಇನ್ನು ಯಂತ್ರವೇ ಎಲ್ಲವನ್ನೂ ಮಾಡುವ ಸೌಕರ್ಯವನ್ನು ನಾವು ಹಳಿಯುವುದಿಲ್ಲ. ಅವಸರದಲ್ಲಿ ಅದೂ ಬೇಕು. ಬೇಡವೆಂದಾಗ ಅದು ಬದಿಗೆ ಸರಿಯಬೇಕು, ಅಷ್ಟೆ. ಲಗಾಮು ಕೈಗೆ ಬಂದ ಮಾತ್ರಕ್ಕೆ ಸವಾರಿ ಬರುವುದಿಲ್ಲವೆಂಬುದನ್ನೂ ಮರೆಯಬಾರದು. ಡಯಲುಗಳನ್ನು ಕೊಂಡು ಅಭ್ಯಾಸ ಮಾಡದಿದ್ದರೆ, ಕುಣಿಯಲಾರದವಳು ನೆಲ ಡೊಂಕೆಂದ ಗಾದೆಗೆ ನಾವೇ ಉದಾಹರಣೆಯಾದೇವು.

ಉಪಾಧ್ಯಾಯರಲ್ಲಿ ಒಂದು ಅರಿಕೆ. 1117ರ ಒಂದು ಶಾಸನ, ಚಾಮರಾಜನಗರದಲ್ಲಿರುವುದು, ಹೊಯ್ಸಳರ ದಂಡನಾಯಕ ಪುಣಿಸನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದುದನ್ನು ಹೇಳುತ್ತದೆ. ನಮ್ಮ ಬೆಟ್ಟದ ಹೆಸರನ್ನು ಅಷ್ಟು ಹಿಂದೆ ಕಾಪಾಡಿದುದು ಒಂದು ಕಲ್ಲು. ಗಡಿಯ ಊರೂರುಗಳಲ್ಲಿ ಇಂಥ ಕಲ್ಲುಗಳು ಮಳೆಗೆ ಸವೆಯುತ್ತಿವೆ. ನಡುಹಗಲಿನ ಬೆಳಕಿನಲ್ಲಿ ಅಕ್ಷರ ಕಾಣದು. ಬೆಳಗಿನ ಓರೆ ಬಿಸಿಲಿನಲ್ಲಿ, ಮುಕ್ಕಾಲಿಯ ಮೇಲೆ, ಎಫ್ 8 ಇಲ್ಲವೆ 11ರಲ್ಲಿ, ಕೈಯಿಂದ ಫೋಕಸ್ ಮಾಡಿ ತೆಗೆದರೆ ಸವೆದ ಗೆರೆಯೂ ನೆರಳು ಚೆಲ್ಲಿ ಮಾತನಾಡುತ್ತದೆ. ಮಕ್ಕಳು ಒಂದೇ ಕಲ್ಲನ್ನು ಮೂರು ಹೊತ್ತಿನಲ್ಲಿ, ಮೂರು ಅಳತೆಗಳಲ್ಲಿ ತೆಗೆದು, ಅಂಕೆಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಗಣಿತ, ವಿಜ್ಞಾನ, ಚರಿತ್ರೆ ಮೂರರ ಪಾಠವೂ ಒಟ್ಟಿಗೆ ಆಗುತ್ತದೆ.

ಸಂಘವು ಕಡೆಗೆ ಬಳಸಿದ್ದೇ ಆದರೂ ಸರಿ, ಡಯಲುಗಳುಳ್ಳ ಒಂದು ಎಪಿಎಸ್-ಸಿ ಕ್ಯಾಮರಾವನ್ನು ಕೊಳ್ಳುವುದೆಂದು ಒಪ್ಪಿತು. ಅದು ಬಂದಮೇಲೆ ಮೊದಲ ಕೆಲಸ ಗೊತ್ತಾಗಿಯೇ ಇದೆ. ಅಂದು ಆ ಗುಂಪಿನಲ್ಲಿ ಕುಳಿತವರಲ್ಲಿ ನಾಲ್ವರು ನಮ್ಮೊಡನಿದ್ದಾರೆ. ಅವರನ್ನು ಅದೇ ಜಾಗದಲ್ಲಿ, ಅದೇ ಬಿಳಿಯ ಉಡುಗೆಯಲ್ಲಿ ಕೂಡಿಸುವೆವು. ನಡುವಣ ಆಸನವನ್ನು ಬರಿದಾಗಿ ಬಿಡುವೆವು. ಮಂಜು ಬಂದರೆ ಬರಲಿ. ಅದಕ್ಕೆ ಎಷ್ಟು ಬೆಳಕು ಬೇಕೆಂಬುದು ಈಗ ನಮಗೆ ಗೊತ್ತಿದೆ.